ಮನೆ ಬಿಟ್ಟು ಓಡುವ ನಕ್ಷತ್ರಗಳು

ನಕ್ಷತ್ರಗಳು ಕದಲುವುದಿಲ್ಲ ಎಂಬುದು ಹಿರಿಯರಿಂದ ನಮಗೆ ಬಂದ ನಂಬಿಕೆ. ಮದುವೆಯ ದಿನ ವಧೂವರರಿಗೆ ಅರುಂಧತಿಯ ಜೊತೆಗೆ ಧ್ರುವನನ್ನೂ ತೋರಿಸುವ ಸಂಪ್ರದಾಯದ ಹಿಂದೆ ಇರುವುದು ಇದೇ ಭಾವನೆ. ಸಂಸಾರ ಧ್ರುವನಂತೆ ಸ್ಥಿರವಾಗಿರಲಿ ಎಂಬ ಹಾರೈಕೆ. ಗ್ರಹಗಳು ರಾಶಿಯಿಂದ ರಾಶಿಗೆ ಅಲೆಯುತ್ತವೆ, ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಬರಿಗಣ್ಣಿಗೆ, ಒಂದು ಆಯುಷ್ಯದ ಅವಧಿಯಲ್ಲಿ, ಇದು ನಿಜವೇ ಹೌದು. ಆದರೆ 1718ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ (ಧೂಮಕೇತುವಿನ ಹೆಸರಿನಲ್ಲಿ ಉಳಿದಿರುವ ಅದೇ ಹ್ಯಾಲಿ) ಪ್ರಾಚೀನ ಗ್ರೀಕರು ಬರೆದಿಟ್ಟಿದ್ದ ನಕ್ಷತ್ರಗಳ ಸ್ಥಾನಗಳನ್ನು ತನ್ನ ಕಾಲದ ಸ್ಥಾನಗಳೊಡನೆ ಹೋಲಿಸಿ ನೋಡಿದ. ಲುಬ್ಧಕ, ಸ್ವಾತಿ, ರೋಹಿಣಿ ಈ ಮೂರೂ ತಮ್ಮ ಹಳೆಯ ಜಾಗದಿಂದ ಸರಿದಿದ್ದವು! ‘ಸ್ಥಿರ ನಕ್ಷತ್ರ’ ಎಂಬ ಮಾತು ಅಂದಿಗೆ ಸುಳ್ಳಾಯಿತು.

ಇಂದು ನಮಗೆ ಗೊತ್ತು, ಓಡದ ನಕ್ಷತ್ರವೇ ಇಲ್ಲ. ನಮ್ಮ ಸೂರ್ಯನೇ ಆಕಾಶಗಂಗೆಯ ಕೇಂದ್ರವನ್ನು ಸೆಕೆಂಡಿಗೆ ಸುಮಾರು 230 ಕಿ.ಮೀ. ವೇಗದಲ್ಲಿ ಸುತ್ತುತ್ತಿದ್ದಾನೆ. ಹಾಗಿರುವಾಗ ಕೆಲವನ್ನು ಮಾತ್ರ ವಿಶೇಷವಾಗಿ ‘ಓಡುತಾರೆ’ ಎಂದು ಕರೆಯುವುದೇಕೆ?

ತೇರಿನ ಜೊತೆಯಲ್ಲಿ ಸಾಗುವ ಜನಜಂಗುಳಿಯನ್ನು ನೆನಪಿಸಿಕೊಳ್ಳಿ. ಎಲ್ಲರೂ ನಡೆಯುತ್ತಿದ್ದಾರೆ. ಆದರೆ ಅಕ್ಕಪಕ್ಕದವರಿಗೆ ಹೋಲಿಸಿದರೆ ಯಾರೂ ಅಷ್ಟಾಗಿ ಸರಿದಂತೆ ಕಾಣುವುದಿಲ್ಲ. ಆ ಗುಂಪಿನಲ್ಲಿ ಒಬ್ಬ ಹುಡುಗ ಅಡ್ಡಡ್ಡಲಾಗಿ ನುಗ್ಗಿ ಓಡತೊಡಗಿದರೆ ಎಲ್ಲರ ಕಣ್ಣೂ ಅವನ ಮೇಲೆ. ಗ್ಯಾಲಕ್ಸಿಯ ಈ ಮೆರವಣಿಗೆಯಲ್ಲೂ ಹಾಗೆಯೇ. ಹೊಸದಾಗಿ ಹುಟ್ಟಿದ ದೈತ್ಯ ನಕ್ಷತ್ರಗಳು ತಮ್ಮ ನೆರೆಹೊರೆಗೆ ಹೋಲಿಸಿದರೆ ಸಾಮಾನ್ಯವಾಗಿ ಸೆಕೆಂಡಿಗೆ 10 ಕಿ.ಮೀ. ಆಸುಪಾಸಿನ ವೇಗದಲ್ಲಿ ಚಲಿಸುತ್ತವೆ. ಈ ವೇಗ 30 ಕಿ.ಮೀ.ಗೆ ಏರಿದರೆ ಅದು ಓಡುತಾರೆ.

ಸೋಜಿಗವೆಂದರೆ, ಸೂರ್ಯನಂಥ ಸಾಧಾರಣ ತಾರೆಗಳಿಗಿಂತ ಓ ಮತ್ತು ಬಿ ಎಂಬ ವರ್ಗಗಳಿಗೆ ಸೇರಿದ, ಬಿಸಿಯಾದ ನೀಲಿ ದೈತ್ಯರಲ್ಲೇ ಈ ಚಾಳಿ ಹೆಚ್ಚು. ಇವು ಸೂರ್ಯನ ಹತ್ತಾರು ಪಟ್ಟು ದ್ರವ್ಯ ಹೊತ್ತ ಧಡೂತಿಗಳು. ತಮ್ಮ ಇಂಧನವನ್ನು ದುಂದುಗಾರರಂತೆ ಸುಟ್ಟು ಕೆಲವೇ ದಶಲಕ್ಷ ವರ್ಷಗಳಲ್ಲಿ ಬಾಳು ಮುಗಿಸುವಂಥವು. ಸೂರ್ಯನ ಆಯುಸ್ಸು ಸುಮಾರು 1000 ಕೋಟಿ ವರ್ಷ ಎಂಬುದರ ಎದುರಿಗೆ ಇದು ಏನೇನೂ ಅಲ್ಲ. ಆದ್ದರಿಂದ ಇವು ಸಾಯುವಾಗಲೂ ಹುಟ್ಟಿದ ಮನೆಯ ಅಂಗಳದಲ್ಲೇ, ಒಡಹುಟ್ಟಿದವರ ನಡುವೆಯೇ ಇರಬೇಕು. ಬಹುಪಾಲು ಇರುವುದೂ ಹಾಗೆಯೇ. ಆದರೆ ಓ ವರ್ಗದವುಗಳಲ್ಲಿ ಸರಿಸುಮಾರು ನೂರಕ್ಕೆ ಹತ್ತರಿಂದ ಮೂವತ್ತರಷ್ಟು ಎಲ್ಲೋ ದೂರದಲ್ಲಿ ಒಂಟಿಯಾಗಿ ಓಡುತ್ತಿರುತ್ತವೆ. ಅಂಬೆಗಾಲಿಡುವ ಕೂಸು ಊರಿನಿಂದ ಹತ್ತು ಮೈಲಿ ಆಚೆ ಒಂಟಿಯಾಗಿ ಸಿಕ್ಕಿದರೆ ನಾವು ಏನು ಕೇಳುತ್ತೇವೆ? ಇದು ಯಾರ ಮನೆಯದು? ಇಲ್ಲಿಗೆ ಹೇಗೆ ಬಂತು? ಖಗೋಳವಿಜ್ಞಾನಿಗಳು ಕೇಳಿದ್ದೂ ಈ ಎರಡೇ ಪ್ರಶ್ನೆಗಳನ್ನು.

ಮಹಾವ್ಯಾಧನ ಖಡ್ಗದಿಂದ

ಮೊದಲ ಉತ್ತರ ದೊರೆತದ್ದು ನಮಗೆಲ್ಲ ಪರಿಚಿತವಾದ ಮಹಾವ್ಯಾಧ ಪುಂಜದಲ್ಲಿ. ಜನವರಿ-ಫೆಬ್ರವರಿ ತಿಂಗಳ ಸಂಜೆಗಳಲ್ಲಿ ನೆತ್ತಿಯ ಬಳಿ ನಿಲ್ಲುವ ಈ ಬೇಟೆಗಾರನ ಸೊಂಟಪಟ್ಟಿಯ ಮೂರು ನಕ್ಷತ್ರಗಳನ್ನು ಗುರುತಿಸದವರು ವಿರಳ. ಆ ಪಟ್ಟಿಯಿಂದ ಇಳಿಬಿದ್ದಿರುವುದು ಖಡ್ಗ. ಅದರ ನಡುವೆ ಮಸುಕಾಗಿ ಕಾಣುವುದೇ ಪ್ರಸಿದ್ಧವಾದ ಮಹಾವ್ಯಾಧ ನೀಹಾರಿಕೆ, ನಕ್ಷತ್ರಗಳ ಹೆರಿಗೆಮನೆ.

ಡಚ್ ವಿಜ್ಞಾನಿ ಆಡ್ರಿಯಾನ್ ಬ್ಲಾವ್ ಮತ್ತು ಅಮೆರಿಕದ ವಿಲಿಯಂ ಮಾರ್ಗನ್ 1954ರಲ್ಲಿ ಎರಡು ನಕ್ಷತ್ರಗಳ ವಿಚಾರ ಪ್ರಕಟಿಸಿದರು. ಒಂದು, ಉತ್ತರದಲ್ಲಿ ಬ್ರಹ್ಮಹೃದಯವಿರುವ ವಿಜಯಸಾರಥಿ ಪುಂಜದ ಎಇ ಆರಿಗೇ. ಇನ್ನೊಂದು, ದಕ್ಷಿಣದಲ್ಲಿ ಕಪೋತ ಪುಂಜದ ಮ್ಯೂ ಕೊಲಂಬೇ. ಆಕಾಶದಲ್ಲಿ ಇವೆರಡರ ನಡುವಿನ ಅಂತರ ಸುಮಾರು 67 ಡಿಗ್ರಿ. ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ತೋರುವ ಈ ಎರಡೂ ಒಂದೇ ಬಗೆಯ ನೀಲಿ ತಾರೆಗಳು. ಎರಡೂ ಸೆಕೆಂಡಿಗೆ 100 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಓಡುತ್ತಿವೆ, ಅದೂ ಒಂದು ಉತ್ತರಕ್ಕಾದರೆ ಇನ್ನೊಂದು ದಕ್ಷಿಣಕ್ಕೆ. ಎರಡರ ದಾರಿಯನ್ನೂ ಕಾಗದದ ಮೇಲೆ ಹಿಂದಕ್ಕೆ ಎಳೆದರೆ ಅವು ಕೂಡುವುದು ಮಹಾವ್ಯಾಧನ ಖಡ್ಗದ ಬಳಿ!

ಇಲ್ಲಿ ವಿದ್ಯಾರ್ಥಿಗಳು ಒಂದು ಚಿಕ್ಕ ಲೆಕ್ಕ ಮಾಡಬಹುದು. ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿ.ಮೀ. ನಕ್ಷತ್ರದ ವೇಗ 100 ಕಿ.ಮೀ. ಎಂದಿಟ್ಟುಕೊಂಡರೆ ಅದು ಬೆಳಕಿನ ವೇಗದ ಮೂರು ಸಾವಿರದಲ್ಲಿ ಒಂದು ಪಾಲು. ಅಂದರೆ ಒಂದು ಜ್ಯೋತಿರ್ವರ್ಷ ದೂರ ಕ್ರಮಿಸಲು ಅದಕ್ಕೆ 3000 ವರ್ಷ ಬೇಕು. ಈ ಎರಡು ತಾರೆಗಳು ಅಗಲಿದ್ದು ಸುಮಾರು 25 ಲಕ್ಷ ವರ್ಷಗಳ ಹಿಂದೆ. ಭಾಗಿಸಿ ನೋಡಿ, ಪ್ರತಿಯೊಂದೂ ತವರಿನಿಂದ ಎಂಟುನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರ ಬಂದಿದೆ. ಭೂಮಿಯ ಮೇಲೆ ಮನುಷ್ಯನ ಪೂರ್ವಜರು ಕಲ್ಲಿನ ಆಯುಧಗಳನ್ನು ಕೆತ್ತಲು ಕಲಿಯುತ್ತಿದ್ದ ಕಾಲದಲ್ಲಿ ಇವು ಮನೆ ಬಿಟ್ಟವು.

ಬ್ಲಾವ್ ಇಂಥ ತಾರೆಗಳಿಗೆ ಕಾರಣವನ್ನು 1961ರಲ್ಲಿ ಮಂಡಿಸಿದರು. ಅದಾಗಿ ಆರು ವರ್ಷಕ್ಕೆ ಇನ್ನೊಂದು ವಿವರಣೆ ಬಂತು. ಎರಡೂ ಇಂದಿಗೂ ಚಲಾವಣೆಯಲ್ಲಿವೆ.

ಕವಣೆಯ ಕಲ್ಲು

ದೈತ್ಯ ನಕ್ಷತ್ರಗಳಲ್ಲಿ ಹೆಚ್ಚಿನವು ಯಮಳಗಳು, ಅಂದರೆ ಜೋಡಿಯಾಗಿ ಹುಟ್ಟಿ ಒಂದನ್ನೊಂದು ಸುತ್ತುವಂಥವು. ಹೊಲ ಕಾಯುವವರು ಹಕ್ಕಿ ಓಡಿಸಲು ಬೀಸುವ ಕವಣೆಯಲ್ಲಿ ಕಲ್ಲು ಸುತ್ತುತ್ತಿರುವಂತೆ ಇವು ಗುರುತ್ವಾಕರ್ಷಣೆಯ ಹಗ್ಗ ಹಿಡಿದು ಸುತ್ತುತ್ತಿರುತ್ತವೆ. ಹೆಚ್ಚು ತೂಕದ ಅಣ್ಣನ ಆಯುಸ್ಸು ಮೊದಲು ಮುಗಿಯುತ್ತದೆ. ಅದು ಸೂಪರ್‌ನೋವಾ ಆಗಿ ಸಿಡಿದು ತನ್ನ ದ್ರವ್ಯವನ್ನು ದಿಕ್ಕು ದಿಕ್ಕಿಗೆ ಚೆಲ್ಲಿದೊಡನೆ ಹಗ್ಗ ಸಡಿಲಾಗುತ್ತದೆ ಅಥವಾ ಹರಿದೇ ಹೋಗುತ್ತದೆ. ತಮ್ಮ ಆ ಕ್ಷಣದಲ್ಲಿ ಯಾವ ವೇಗದಲ್ಲಿ ಸುತ್ತುತ್ತಿತ್ತೋ ಹೆಚ್ಚುಕಡಿಮೆ ಅದೇ ವೇಗದಲ್ಲಿ ಕವಣೆ ಬಿಟ್ಟ ಕಲ್ಲಿನಂತೆ ಹೊರಟುಬಿಡುತ್ತದೆ. ಇದು ಬ್ಲಾವ್ ಅವರ ವಿವರಣೆ.

ಮೆಕ್ಸಿಕೋದ ಆರ್ಕಾಡಿಯೋ ಪೊವೆಡಾ ಮತ್ತು ಸಂಗಡಿಗರು 1967ರಲ್ಲಿ ಕೊಟ್ಟ ವಿವರಣೆಯಲ್ಲಿ ಯಾರೂ ಸಾಯುವುದಿಲ್ಲ. ನಡೆಯುವುದು ನೂಕುನುಗ್ಗಲು ಮಾತ್ರ. ಆಗಷ್ಟೇ ಹುಟ್ಟಿದ ತಾರಾಗುಚ್ಛದ ನಡುಭಾಗದಲ್ಲಿ ದೈತ್ಯರು ಇಕ್ಕಟ್ಟಿನಲ್ಲಿರುತ್ತಾರೆ. ಅಲ್ಲಿ ಒಂದು ಜೋಡಿಯ ಸನಿಹಕ್ಕೆ ಮೂರನೆಯ ನಕ್ಷತ್ರವೋ ಇನ್ನೊಂದು ಜೋಡಿಯೋ ಬಂದರೆ ಎಳೆದಾಟ ನಡೆದು, ಕೊನೆಗೆ ಯಾರೋ ಒಬ್ಬಿಬ್ಬರು ಹೊರಕ್ಕೆ ಎಸೆಯಲ್ಪಡುತ್ತಾರೆ. ಉಳಿದವರು ಇನ್ನಷ್ಟು ಒತ್ತಾಗಿ ಕೂಡಿಕೊಳ್ಳುತ್ತಾರೆ.

ಹಾಗಾದರೆ ಯಾವುದು ಸರಿ? ಎರಡೂ ಸರಿ. ನಿಸರ್ಗ ಎರಡು ದಾರಿಗಳನ್ನೂ ಬಳಸುತ್ತದೆ. ಎಇ ಆರಿಗೇ ಮತ್ತು ಮ್ಯೂ ಕೊಲಂಬೇಗಳ ಓಟಕ್ಕೆ ನೂಕುನುಗ್ಗಲೇ ಕಾರಣವೆಂದು ಈಗ ಬಹುಮಂದಿ ಒಪ್ಪುತ್ತಾರೆ. ಮಹಾವ್ಯಾಧನ ಖಡ್ಗದ ತುದಿಯಲ್ಲಿ ನಿಮಗೆ ಬರಿಗಣ್ಣಿಗೇ ಕಾಣುವ ಅಯೋಟಾ ಒರಾಯನಿಸ್ ಎಂಬ ಜೋಡಿತಾರೆ ಆ ಎಳೆದಾಟದಲ್ಲಿ ಉಳಿದುಕೊಂಡ ಜೋಡಿ. ಅದರ ಕಕ್ಷೆ 29 ದಿನಗಳದು, ಆದರೆ ವಿಪರೀತ ಚಪ್ಪಟೆಯಾದ ದೀರ್ಘವೃತ್ತ. ಹಳೆಯ ಜಗಳದ ಗುರುತು ಇನ್ನೂ ಮಾಸಿಲ್ಲ ಎನ್ನಬಹುದು. ಯುರೋಪಿನ ಗಯಾ ಉಪಗ್ರಹ 2014ರಿಂದ 2025ರ ಆರಂಭದವರೆಗೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಸ್ಥಾನ ಮತ್ತು ಚಲನೆಗಳನ್ನು ಅಳೆಯಿತು. ಆ ಮಾಹಿತಿಯಿಂದ ನಮ್ಮ ನೆರೆಯ ಗ್ಯಾಲಕ್ಸಿಯಾದ ದೊಡ್ಡ ಮೆಗಲನ್ ಮೋಡದಲ್ಲಿರುವ ಆರ್136 ಎಂಬ ಎಳೆಯ ಗುಚ್ಛದಿಂದ 55 ದೈತ್ಯರು ಓಡಿಹೋಗಿರುವುದು 2024ರಲ್ಲಿ ಪ್ರಕಟವಾಯಿತು. ಆ ಗುಚ್ಛ ಎಷ್ಟು ಎಳೆಯದೆಂದರೆ ಅಲ್ಲಿ ಸೂಪರ್‌ನೋವಾ ಸಂಭವಿಸಲು ಇನ್ನೂ ಕಾಲ ಕೂಡಿಬಂದಿಲ್ಲ.

ಸೂಪರ್‌ನೋವಾ ದಾರಿಗೂ ಸಾಕ್ಷಿಯಿದೆ. ವೇಲಾ ಎಕ್ಸ್-1 ಎಂಬಲ್ಲಿ ಒಂದು ದೈತ್ಯ ನಕ್ಷತ್ರವನ್ನು ಸುಮಾರು ಒಂಬತ್ತು ದಿನಗಳಿಗೊಮ್ಮೆ ಸುತ್ತುವ ನ್ಯೂಟ್ರಾನ್ ನಕ್ಷತ್ರವಿದೆ. ನ್ಯೂಟ್ರಾನ್ ನಕ್ಷತ್ರವೆಂದರೆ ಸಿಡಿದ ತಾರೆಯ ಕಳೇಬರ. ಇಲ್ಲಿ ಹಗ್ಗ ಪೂರ್ತಿ ಹರಿಯಲಿಲ್ಲ. ತಮ್ಮ ಅಣ್ಣನ ಕಳೇಬರವನ್ನು ಜೊತೆಗಿಟ್ಟುಕೊಂಡೇ ಓಡುತ್ತಿದ್ದಾನೆ. ಅವನು ಓಡುತ್ತಿರುವುದು ಖಚಿತವಾದದ್ದು ಹೇಗೆ? 1997ರಲ್ಲಿ ಅವನ ಮುಂದೆ ಕಮಾನಿನಾಕಾರದ ಒಂದು ನೀಹಾರಿಕೆ ಪತ್ತೆಯಾದದ್ದರಿಂದ. ಈ ಕಮಾನುಗಳ ಕತೆಯನ್ನು ಈಗ ನೋಡೋಣ.

ದೋಣಿಯ ಮುಂದಿನ ಅಲೆ

ಜೂನ್-ಜುಲೈ ತಿಂಗಳಲ್ಲಿ ರಾತ್ರಿ ಒಂಬತ್ತು-ಹತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ವೃಶ್ಚಿಕದ ಕೆಂಪು ತಾರೆ ಜ್ಯೇಷ್ಠಾ ಕಾಣುತ್ತದೆ. ತೋಳು ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಜ್ಯೇಷ್ಠಾದಿಂದ ಹಾಗೆ ಒಂದೂವರೆ ಮುಷ್ಟಿಯಷ್ಟು ನೆತ್ತಿಯ ಕಡೆಗೆ ಏರಿ. ಅಲ್ಲಿ ಸಾಧಾರಣ ಪ್ರಕಾಶದ, ಒಂಟಿಯಾದ ಒಂದು ನಕ್ಷತ್ರವಿದೆ. ಉರಗಧರ ಪುಂಜದ ಈ ತಾರೆಯ ಹೆಸರು ಝೀಟಾ ಒಫಿಯುಕೈ.

ನೋಡಲು ಸಾಧಾರಣ, ನಿಜದಲ್ಲಿ ಅಸಾಧಾರಣ. ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿರುವ ಇದರ ದ್ರವ್ಯ ಸೂರ್ಯನ 20 ಪಟ್ಟು, ಅಗಲ 8 ಪಟ್ಟು, ತೇಜಸ್ಸು ಸುಮಾರು 80,000 ಪಟ್ಟು. ನಡುವೆ ಧೂಳಿನ ಮೋಡಗಳು ಅಡ್ಡವಿಲ್ಲದಿದ್ದರೆ ಇನ್ನೂ ಉಜ್ವಲವಾಗಿ ಕಾಣುತ್ತಿತ್ತು. ಸೂರ್ಯ ತನ್ನ ಸುತ್ತ ಒಮ್ಮೆ ತಿರುಗಲು 25 ದಿನಗಳಿಗೂ ಹೆಚ್ಚು ತೆಗೆದುಕೊಂಡರೆ ಈ ದೈತ್ಯ ಅದನ್ನು ಸುಮಾರು ಒಂದೇ ದಿನದಲ್ಲಿ ಮುಗಿಸುತ್ತದೆ. ಇದರ ಓಟ ಸೆಕೆಂಡಿಗೆ ಸುಮಾರು 30 ಕಿ.ಮೀ.

ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಬರಿದಲ್ಲ. ಅಲ್ಲಿ ತೆಳುವಾದ ಅನಿಲವೂ ಧೂಳೂ ಇವೆ. ಝೀಟಾದಂಥ ಬಿಸಿ ನಕ್ಷತ್ರ ಇದರ ಮೇಲೆ ಎರಡು ರೀತಿಯಲ್ಲಿ ಪ್ರಭಾವ ಬೀರುತ್ತದೆ. ಮೊದಲನೆಯದು ಬೆಳಕಿನಿಂದ. ಅದರ ಅತಿನೇರಿಳೆ ಕಿರಣಗಳು ಸುತ್ತಲಿನ ಜಲಜನಕದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ. ಅವು ಮತ್ತೆ ಕೂಡಿಕೊಳ್ಳುವಾಗ ಕೆಂಪು ಬೆಳಕು ಹೊಮ್ಮುತ್ತದೆ. ಝೀಟಾ ಹೀಗೆ ಬೆಳಗಿಸಿರುವ ಮೋಡ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಇಪ್ಪತ್ತು ಪಟ್ಟು, ಅಗಲವಿದೆ. ಬರಿಗಣ್ಣಿಗೆ ಮಾತ್ರ ಕಾಣದು, ಅಷ್ಟು ಮಸುಕು. ದೀರ್ಘಕಾಲ ತೆರೆದಿಟ್ಟ ಕ್ಯಾಮೆರಾಕ್ಕೆ ಕಾಣುತ್ತದೆ.

ಎರಡನೆಯದು ಗಾಳಿಯಿಂದ. ದೈತ್ಯ ನಕ್ಷತ್ರದ ಮೇಲ್ಮೈಯಿಂದ ಸೆಕೆಂಡಿಗೆ ಸಾವಿರ, ಎರಡು ಸಾವಿರ ಕಿ.ಮೀ. ವೇಗದಲ್ಲಿ ಕಣಗಳು ಹೊರಕ್ಕೆ ಬೀಸುತ್ತಿರುತ್ತವೆ. ಇದು ನಕ್ಷತ್ರಗಾಳಿ. ಮನೆಯಲ್ಲಿ ಒಂದು ಪ್ರಯೋಗ ಮಾಡಿ. ನಲ್ಲಿಯ ನೀರು ಸಣ್ಣಗೆ ಸಮತಟ್ಟಾದ ತಟ್ಟೆಯ ಮೇಲೆ ಬೀಳುವಂತೆ ಹಿಡಿಯಿರಿ. ನೀರು ಬಿದ್ದ ಜಾಗದ ಸುತ್ತ ತೆಳುವಾಗಿ ಹರಡಿ, ಸ್ವಲ್ಪ ದೂರದಲ್ಲಿ ಒಂದು ದಪ್ಪ ಉಂಗುರ ಕಟ್ಟುತ್ತದೆ. ಹೊರಕ್ಕೆ ಹರಿಯುವ ನೀರು ನಿಂತ ನೀರನ್ನು ತಳ್ಳಿ ನಿಲ್ಲಿಸಿದ ಗಡಿ ಅದು. ಈಗ ತಟ್ಟೆಯನ್ನು ತುಸು ಓರೆ ಮಾಡಿ. ಉಂಗುರ ಮೇಲ್ಗಡೆ ಒತ್ತಿಕೊಂಡು ಕಮಾನಾಗುತ್ತದೆ, ಕೆಳಗಡೆ ಬಾಯಿ ತೆರೆಯುತ್ತದೆ. ಓಡುವ ನಕ್ಷತ್ರದ ಮುಂದೆ ಆಗುವುದೂ ಹೆಚ್ಚುಕಡಿಮೆ ಇದೇ. ಎದುರಿನಿಂದ ಬಂದು ಬಡಿಯುವ ಅನಿಲ ಒಂದು ಕಡೆ, ನಕ್ಷತ್ರಗಾಳಿ ಇನ್ನೊಂದು ಕಡೆ. ಎರಡರ ಒತ್ತಡ ಸಮವಾಗುವಲ್ಲಿ ಅನಿಲ, ಧೂಳು ಒಟ್ಟಾಗಿ ಕಮಾನು ಕಟ್ಟುತ್ತವೆ. ವೇಗವಾಗಿ ಸಾಗುವ ದೋಣಿಯ ಮೂತಿಯ ಮುಂದೆ ಏಳುವ ಅಲೆಯಂತೆ.

ಝೀಟಾದ ಮುಂದಿನ ಕಮಾನನ್ನು ಅಮೆರಿಕದ ಗಲ್ ಮತ್ತು ಸೋಫಿಯಾ 1979ರಲ್ಲಿ ಗುರುತಿಸಿದರು. ಬಿಸಿಯಾದ ಧೂಳು ಅವಕೆಂಪು ಕಿರಣಗಳಲ್ಲಿ ಚೆನ್ನಾಗಿ ಬೆಳಗುವುದರಿಂದ ಸ್ಪಿಟ್ಜರ್ ಅವಕೆಂಪು ದೂರದರ್ಶಕ ತೆಗೆದ ಚಿತ್ರದಲ್ಲಿ ಅದು ಜರತಾರಿ ಸೆರಗಿನಂತೆ ಮಡಿಕೆ ಮಡಿಕೆಯಾಗಿ ಕಾಣುತ್ತದೆ. ನಕ್ಷತ್ರದಿಂದ ಅದರ ದೂರ ಅರ್ಧ ಜ್ಯೋತಿರ್ವರ್ಷ, ಸೂರ್ಯನಿಂದ ಪ್ಲೂಟೋ ಇರುವ ದೂರದ 800 ಪಟ್ಟು.

ಇದು ಬರೀ ಚೆಂದದ ಚಿತ್ರವಲ್ಲ, ಒಂದು ಅಳತೆಗೋಲು. ಕಮಾನು ಎಷ್ಟು ದೂರದಲ್ಲಿದೆ ಎಂಬುದನ್ನು ನಿರ್ಧರಿಸುವುದು ಮೂರು ಸಂಗತಿಗಳು: ನಕ್ಷತ್ರದ ಓಟ, ಎದುರಿನ ಅನಿಲದ ಸಾಂದ್ರತೆ, ನಕ್ಷತ್ರಗಾಳಿಯ ಬಲ. ದೂರದ ಜೊತೆಗೆ ಮೊದಲೆರಡು ಗೊತ್ತಿದ್ದರೆ ಮೂರನೆಯದನ್ನು ಲೆಕ್ಕ ಹಾಕಬಹುದು. ಗಾಳಿಯ ಬಲ ಗೊತ್ತಾದರೆ ನಕ್ಷತ್ರ ವರ್ಷಕ್ಕೆ ಎಷ್ಟು ದ್ರವ್ಯ ಕಳೆದುಕೊಳ್ಳುತ್ತಿದೆ ಎಂದು ತಿಳಿಯುತ್ತದೆ. ಅದರ ಅಂತ್ಯ ಹೇಗೆ ಎಂಬುದು ನಿಂತಿರುವುದು ಈ ಖರ್ಚಿನ ಲೆಕ್ಕದ ಮೇಲೆಯೇ.

ಎಲ್ಲ ಓಡುತಾರೆಗಳ ಮುಂದೆಯೂ ಕಮಾನು ಕಾಣುವುದಿಲ್ಲ. ಸುತ್ತಲಿನ ಅನಿಲ ತೀರ ತೆಳುವಾಗಿದ್ದರೆ ಅಥವಾ ತೀರ ಬಿಸಿಯಾಗಿದ್ದರೆ ಅದು ಮೂಡದು. ಹಾಗೆಯೇ ನಕ್ಷತ್ರದ ಸುತ್ತ ನೀಹಾರಿಕೆ ಕಂಡ ಮಾತ್ರಕ್ಕೆ ಅದು ಅಲ್ಲೇ ಹುಟ್ಟಿತು ಎನ್ನುವಂತೆಯೂ ಇಲ್ಲ. ಎಇ ಆರಿಗೇಯನ್ನು ಸುತ್ತುವರಿದಿರುವ ‘ಉರಿಯುವ ತಾರೆ’ಯ ನೀಹಾರಿಕೆಯನ್ನು ಚಿತ್ರದಲ್ಲಿ ನೋಡಿದವರಿಗೆ ಎರಡೂ ತಾಯಿ-ಮಗುವಿನಂತೆ ತೋರುತ್ತವೆ. ನಿಜದಲ್ಲಿ ಅವು ದಾರಿಹೋಕರು. ಮಹಾವ್ಯಾಧದಿಂದ ಹೊರಟು ಬಂದ ನಕ್ಷತ್ರ ಈಗ ಆ ಮೋಡವನ್ನು ಹಾದುಹೋಗುತ್ತಿದೆ, ಹಾಯುತ್ತ ಅದಕ್ಕೆ ದೀಪ ಹಿಡಿದಿದೆ, ಅಷ್ಟೆ. ಮುಂದೊಂದು ದಿನ ನಕ್ಷತ್ರ ಮುಂದೆ ಹೋಗುತ್ತದೆ, ಮೋಡ ಕತ್ತಲಾಗುತ್ತದೆ.

ತಾನೇ ನೇಯ್ದ ಹೊದಿಕೆ

ಇನ್ನು ಕೆಲವು ಓಡುತಾರೆಗಳು ತಮ್ಮ ನೀಹಾರಿಕೆಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಶರ ಎಂಬ ಪುಟ್ಟ ಪುಂಜದ ದಿಕ್ಕಿನಲ್ಲಿ, ಸುಮಾರು 15,000 ಜ್ಯೋತಿರ್ವರ್ಷ ದೂರದಲ್ಲಿರುವ ಡಬ್ಲ್ಯುಆರ್ 124 ಇಂಥದ್ದು. 1938ರಲ್ಲಿ ಇದರ ವಿಪರೀತ ವೇಗವನ್ನು ಗುರುತಿಸಿದವರು ಅಮೆರಿಕದ ಪಾಲ್ ಮೆರಿಲ್. ಸೆಕೆಂಡಿಗೆ ಸುಮಾರು 190 ಕಿ.ಮೀ. ವೇಗದಲ್ಲಿ ಅದು ನಮ್ಮಿಂದ ದೂರ ಸರಿಯುತ್ತಿದೆ.

ಇದು ವುಲ್ಫ್-ರೇಯೆ ಎಂಬ ಅಪರೂಪದ ವರ್ಗದ ತಾರೆ. ತಮ್ಮ ಹೊರಪದರದ ಜಲಜನಕವನ್ನು ಬಹುಮಟ್ಟಿಗೆ ಕಳೆದುಕೊಂಡು ಸಾವಿನ ಹೊಸ್ತಿಲಲ್ಲಿ ನಿಂತಿರುವ ದೈತ್ಯರ ವರ್ಗ ಅದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವೇಣು ಬಾಪು ಅವರ ಸಂಶೋಧನೆಯ ವಿಷಯಗಳಲ್ಲಿ ಈ ತಾರೆಗಳ ರೋಹಿತವೂ ಒಂದಾಗಿತ್ತು. ಜೇಮ್ಸ್ ವೆಬ್ ದೂರದರ್ಶಕ ತೆಗೆದ ಡಬ್ಲ್ಯುಆರ್ 124ರ ಚಿತ್ರ 2023ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ನಡುವೆ ಉರಿಯುವ ನಕ್ಷತ್ರ, ಸುತ್ತ ಹಿಂಜಿದ ಅರಳೆಯಂತೆ ಗಂಟುಗಂಟಾದ ಧೂಳು ಮತ್ತು ಅನಿಲ. ಸೂರ್ಯನ 30 ಪಟ್ಟು ದ್ರವ್ಯವಿರುವ ಈ ತಾರೆ ಈಗಾಗಲೇ 10 ಸೂರ್ಯರಷ್ಟನ್ನು ಹೊರಕ್ಕೆ ಚೆಲ್ಲಿದೆ.

ಇಲ್ಲೊಂದು ಪ್ರಶ್ನೆ ಏಳಬೇಕು. ನಕ್ಷತ್ರ ಇಷ್ಟು ವೇಗವಾಗಿ ಓಡುತ್ತಿದ್ದರೆ ಚೆಲ್ಲಿದ ಅನಿಲವೆಲ್ಲ ಹಿಂದುಳಿಯಬೇಕಲ್ಲವೆ? ಓಡುವ ಬಸ್ಸಿನೊಳಗೆ ಚೆಂಡನ್ನು ಮೇಲಕ್ಕೆಸೆದರೆ ಅದು ಮರಳಿ ಕೈಗೇ ಬೀಳುತ್ತದೆ, ಹಿಂದಿನ ಸೀಟಿಗೆ ಹೋಗುವುದಿಲ್ಲ. ಬಸ್ಸಿನ ವೇಗ ಚೆಂಡಿಗೂ ಇರುತ್ತದೆ. ನಕ್ಷತ್ರದಿಂದ ಹೊರಟ ಅನಿಲಕ್ಕೂ ನಕ್ಷತ್ರದ ವೇಗವಿರುತ್ತದೆ. ಹೀಗಾಗಿ ಹೊದಿಕೆ ತಾರೆಯ ಜೊತೆಗೇ ಸಾಗುತ್ತದೆ, ಎದುರಿನ ಅನಿಲ ತಡೆಯುವವರೆಗೆ.

ಸಾಗರತಳದ ಕಬ್ಬಿಣ

ಇಷ್ಟೆಲ್ಲ ದೂರದ ಸಂಗತಿ ನಮಗೇಕೆ ಎಂದು ಯಾರಾದರೂ ಕೇಳಿದರೆ ಅವರಿಗೆ ಶಾಂತಸಾಗರದ ತಳವನ್ನು ತೋರಿಸಬೇಕು. ಅಲ್ಲಿ ಲಕ್ಷಾಂತರ ವರ್ಷಗಳಲ್ಲಿ ಮೆಲ್ಲಗೆ ಬೆಳೆದ ಖನಿಜದ ಹೊಪ್ಪಳಿಕೆಯಲ್ಲಿ ಜರ್ಮನಿಯ ವಿಜ್ಞಾನಿಗಳು 1999ರಲ್ಲಿ ಕಬ್ಬಿಣ-60 ಎಂಬ ವಿಕಿರಣಶೀಲ ಕಬ್ಬಿಣವನ್ನು ಕಂಡರು. ಇದರ ಅರ್ಧಾಯುಷ್ಯ 26 ಲಕ್ಷ ವರ್ಷ. ಭೂಮಿಗೆ ವಯಸ್ಸು 450 ಕೋಟಿ ವರ್ಷ. ಭೂಮಿ ಹುಟ್ಟುವಾಗ ಇದ್ದ ಕಬ್ಬಿಣ-60 ಎಲ್ಲವೂ ಎಂದೋ ಕರಗಿಹೋಗಿರಬೇಕು. ಈಗ ಸಿಕ್ಕಿರುವುದು ಈಚೆಗೆ ಹೊರಗಿನಿಂದ ಬಂದದ್ದೇ ಸರಿ. ದೈತ್ಯ ನಕ್ಷತ್ರಗಳಲ್ಲಿ ತಯಾರಾಗಿ ಸೂಪರ್‌ನೋವಾಗಳಲ್ಲಿ ಹೊರಬೀಳುವ ವಸ್ತು ಇದು. ಸುಮಾರು 17ರಿಂದ 32 ಲಕ್ಷ ವರ್ಷಗಳ ಹಿಂದಿನ ಪದರಗಳಲ್ಲಿ ಅದು ಹೆಚ್ಚು. ಅಪೊಲೊ ಯಾತ್ರಿಕರು ತಂದ ಚಂದ್ರನ ಮಣ್ಣಿನಲ್ಲೂ ಅದು ಸಿಕ್ಕಿದೆ.

ಯಾವ ನಕ್ಷತ್ರ ಸಿಡಿದು ಈ ಕಬ್ಬಿಣ ಬಂತು? ಝೀಟಾ ಒಫಿಯುಕೈ ಇಲ್ಲಿ ಸಾಕ್ಷಿಕಟ್ಟೆಗೆ ಬರುತ್ತದೆ. ಅದರ ಮೇಲ್ಮೈಯಲ್ಲಿ ಹೀಲಿಯಮ್ ಮತ್ತು ಸಾರಜನಕ ಎಂದಿಗಿಂತ ಹೆಚ್ಚಿವೆ. ಅದರ ಗಿರ್ರನೆಯ ತಿರುಗಾಟವನ್ನು ಆಗಲೇ ಹೇಳಿದೆ. ಅಣ್ಣ ಸಾಯುವ ಮುನ್ನ ತನ್ನ ದ್ರವ್ಯವನ್ನು ತಮ್ಮನ ಮೇಲೆ ಸುರಿದಿದ್ದರೆ ಈ ಎರಡೂ ಲಕ್ಷಣಗಳು ಬರುತ್ತವೆ. ಹಾಗಾದರೆ ಅಣ್ಣನ ಕಳೇಬರ ಎಲ್ಲಿ? 2000ದ ಸುಮಾರಿಗೆ ಡಚ್ ವಿಜ್ಞಾನಿಗಳ ತಂಡ ಒಂದು ಪಲ್ಸಾರನ್ನು ಬೊಟ್ಟು ಮಾಡಿ ತೋರಿಸಿತು. ಅದರ ದೂರ, ವೇಗಗಳನ್ನು ಮುಂದೆ ಹೆಚ್ಚು ನಿಖರವಾಗಿ ಅಳೆದಾಗ ಆ ಹೊಂದಾಣಿಕೆ ಸಂದೇಹಕ್ಕೆ ಗುರಿಯಾಯಿತು. 2020ರಲ್ಲಿ ಜರ್ಮನಿಯ ತಂಡವೊಂದು ಗಯಾದ ಅಳತೆಗಳನ್ನೂ ಬಳಸಿ ಬೇರೊಂದು ಪಲ್ಸಾರನ್ನು ಸೂಚಿಸಿತು. ಅದೂ ಝೀಟಾವೂ ಸುಮಾರು 17.8 ಲಕ್ಷ ವರ್ಷಗಳ ಹಿಂದೆ ಒಂದೇ ಜಾಗದಲ್ಲಿದ್ದವು, ಆ ಸ್ಫೋಟ ನಮ್ಮಿಂದ ಸುಮಾರು 350 ಜ್ಯೋತಿರ್ವರ್ಷ ದೂರದಲ್ಲಿ ನಡೆಯಿತು, ಸಾಗರತಳದ ಕಬ್ಬಿಣದಲ್ಲಿ ಅದರ ಪಾಲೂ ಇರಬಹುದು ಎಂಬುದು ಅವರ ವಾದ.

ಇರಬಹುದು. ಈ ಪದವನ್ನು ಅಲಕ್ಷಿಸಬೇಡಿ. ಝೀಟಾ ಓಡುತ್ತಿದೆ ಎಂಬುದು ನೇರವಾಗಿ ಅಳೆದು ಕಂಡದ್ದು. ಕಮಾನು ಕಣ್ಣೆದುರಿಗಿದೆ. ಸಾಗರತಳದ ಕಬ್ಬಿಣ ಕೈಯಲ್ಲಿದೆ. ಅದು ಯಾರ ಜೊತೆಯಲ್ಲಿತ್ತು ಎಂಬುದು ಮಾತ್ರ ಊಹೆ, ಆದರೆ ಅಳತೆಗಳ ಬಲವಿರುವ ಊಹೆ. ಮೊದಲು ತೋರಿಸಿದ ಪಲ್ಸಾರನ್ನು ಉತ್ತಮ ಅಳತೆ ಬಂದಾಗ ಕೈಬಿಟ್ಟರಲ್ಲ, ಅದೇ ರೀತಿ ಈ ಎರಡನೆಯದನ್ನೂ ಬಿಡಬೇಕಾದೀತು, ಅಥವಾ ಅದು ಇನ್ನಷ್ಟು ಗಟ್ಟಿಯಾದೀತು. ಹದಿನೆಂಟು ಲಕ್ಷ ವರ್ಷ ಹಿಂದಿನದನ್ನು ಕಂಡವರು ಯಾರು ಎಂದು ಕೇಳುವ ಮಕ್ಕಳಿಗೆ ಕೊಡಬೇಕಾದ ಉತ್ತರ ಇದು: ಕಂಡವರು ಯಾರೂ ಇಲ್ಲ, ಆದರೆ ಓಡಿದವನ ದಿಕ್ಕು, ಅವನ ಮುಂದೆ ಎದ್ದ ಅಲೆ, ಅವನ ಮೈಮೇಲಿನ ಕಲೆ ಇವನ್ನು ಅಳೆಯಲು ನಮಗೆ ಬರುತ್ತದೆ. ಎಲ್ಲಿಯವರೆಗೆ ಅಳತೆ ಇದೆಯೋ ಅಲ್ಲಿಯವರೆಗೆ ಮಾತು.

ಜೂನ್-ಜುಲೈನಲ್ಲಿ ಮಳೆಮೋಡ ಅಡ್ಡ ಬಂದರೆ ನಿರಾಶರಾಗಬೇಕಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಡುರಾತ್ರಿ ಕಳೆದ ಮೇಲೆ, ಅಥವಾ ಸೆಪ್ಟೆಂಬರಿನಲ್ಲಿ ಕತ್ತಲಾದ ಕೂಡಲೇ ನೈರುತ್ಯದಲ್ಲಿ ಝೀಟಾ ಸಿಗುತ್ತದೆ. ಮಕ್ಕಳೊಡನೆ ಮನೆಯ ಮಾಳಿಗೆಗೆ ಹೋಗಿ, ಜ್ಯೇಷ್ಠಾದಿಂದ ಒಂದೂವರೆ ಮುಷ್ಟಿ ಅಳೆದು ಅದನ್ನು ಹುಡುಕಿ. ನೀವು ಹತ್ತು ನಿಮಿಷ ನೋಡುತ್ತ ನಿಂತರೆ ಅಷ್ಟರಲ್ಲಿ ಅದು ಹದಿನೆಂಟು ಸಾವಿರ ಕಿಲೋಮೀಟರು ಓಡಿರುತ್ತದೆ. ನಿಮ್ಮ ಕಣ್ಣಿಗೆ ಮಾತ್ರ ಒಂದು ಕೂದಲೆಳೆಯಷ್ಟೂ ಸರಿದಿರುವುದಿಲ್ಲ.